ಗುರುವಾರದ ಮಾತ್ರೆ

ಬಸವೇಶ್ವರನಗರದ ಹಾವನೂರು ಸರ್ಕಲ್ ಹತ್ತಿರ ಮೆಡಿಕಲ್ ಸ್ಟೋರ್ ಇಟ್ಟು 22 ವರ್ಷವಾಯಿತು. ಡ್ರಿಪ್‌ನಲ್ಲಿ ಏರಿಸುವ ಕೀಮೋ ಆಸ್ಪತ್ರೆಯಲ್ಲೇ ಆಗಿಹೋಗುತ್ತದೆ. ನಮ್ಮಂಥ ಅಂಗಡಿಗೆ ಬರುವುದು ನುಂಗುವ ನಾಲ್ಕಾರು ಮಾತ್ರೆ. ಅವುಗಳ ಹೆಸರಿನ ಜೊತೆ ಏಗಿ ಕಲಿತದ್ದಿಷ್ಟು.

1. ಬಣ್ಣ ಹೇಳಬೇಡ, ಹೆಸರು ಹೇಳು.

ಮೆಥೊಟ್ರೆಕ್ಸೇಟ್ ಕೀಮೋ ಔಷಧಿ. ಆದರೆ ನನ್ನ ಬಳಿ ಅದನ್ನು ಕೊಳ್ಳುವ ಹೆಚ್ಚಿನವರಿಗೆ ಕ್ಯಾನ್ಸರ್ ಇಲ್ಲ. ಕೀಲುವಾತ, ಇಲ್ಲವೇ ಸೋರಿಯಾಸಿಸ್. ಅವರಿಗೆ ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ರಕ್ತದ ಕಣಗಳು ಇಳಿದು, ಜೀವಕ್ಕೇ ಬರುತ್ತದೆ. ಅದೇ ಚೀಟಿಯಲ್ಲಿ ಫೋಲಿಕ್ ಆಸಿಡ್ ಕೂಡ ಇರುತ್ತದೆ. ಎಷ್ಟೋ ಸಲ ಎರಡೂ ಪುಟ್ಟ ಹಳದಿ ಮಾತ್ರೆಗಳೇ.

ಕೆಂಗೇರಿಯಿಂದ ಬರುತ್ತಿದ್ದ ಅಜ್ಜಿಯೊಬ್ಬರಿಗೆ 'ಈ ಹಳದಿ ವಾರಕ್ಕೊಂದು, ಆ ಹಳದಿ ದಿನಾ' ಎಂದು ಕಳಿಸಿದ್ದೆ. ನಾಲ್ಕನೇ ದಿನ ಸೊಸೆ ಬಂದು 'ಹಳದಿ ಮುಗೀತು ಅಣ್ಣಾ' ಎಂದಾಗ ಎದೆ ಧಸಕ್ಕೆಂದಿತು. ಅವತ್ತೇ ಆಸ್ಪತ್ರೆಗೆ ಓಡಿಸಿದೆ. ಅಲ್ಲಿ ಕೊಟ್ಟದ್ದು ಫೋಲಿನಿಕ್ ಆಸಿಡ್. ಫೋಲಿಕ್ ಅಲ್ಲ, ಫೋಲಿನಿಕ್. ನಡುವೆ ಒಂದು 'ನಿ' ಹೆಚ್ಚು, ಅಷ್ಟೇ. ಮೆಥೊಟ್ರೆಕ್ಸೇಟ್ ಅಡ್ಡಗಟ್ಟಿದ ದಾರಿಯಲ್ಲಿ ಫೋಲಿಕ್ ಮುಂದೆ ಹೋಗಲಾರದು, ಫೋಲಿನಿಕ್ ಬಳಸಿಕೊಂಡು ಹೋಗುತ್ತದೆ. ಅಜ್ಜಿ ಉಳಿದರು.

ಆ ವಾರ ನಿದ್ದೆ ಬರದೆ ಈ ಹೆಸರುಗಳ ಮೂಲ ಹುಡುಕಿದೆ. ಲ್ಯಾಟಿನ್‌ನಲ್ಲಿ 'ಫೋಲಿಯಂ' ಎಂದರೆ ಎಲೆ. 1941ರಲ್ಲಿ ಪಾಲಕ್ ಸೊಪ್ಪಿನಿಂದ ತೆಗೆದದ್ದಕ್ಕೆ ಫೋಲಿಕ್ ಎಂದಾಯಿತು. ಮೆಥೊಟ್ರೆಕ್ಸೇಟ್‌ನ ಹಳೆಯ ಹೆಸರು ಅಮೆಥಾಪ್ಟೆರಿನ್. ಆ 'ಪ್ಟೆರಿನ್' ಬಂದದ್ದು ಗ್ರೀಕರ 'ರೆಕ್ಕೆ'ಯಿಂದ, ಚಿಟ್ಟೆಯ ರೆಕ್ಕೆಯ ಬಣ್ಣದಲ್ಲಿ ಮೊದಲು ಕಂಡ ವಸ್ತುಗಳ ಬಳಗ ಅದು. ಈ ಔಷಧಿ ರೂಪಿಸಿದ ಕೆಲಸದ ಹಿಂದೆ ಇದ್ದವರಲ್ಲಿ ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಕೂಡ ಒಬ್ಬರು. ಸೊಪ್ಪಿನ ಸತ್ವದ ವೇಷ ಹಾಕಿಕೊಂಡು ಜೀವಕೋಶದ ಒಳಹೊಕ್ಕು ಅದರ ಕೆಲಸ ನಿಲ್ಲಿಸುವುದೇ ಈ ಔಷಧಿಯ ಕಸುಬು. ವೇಷ ಅಷ್ಟು ಚೆನ್ನಾಗಿರುವಾಗ ಅಜ್ಜಿ ಮೋಸಹೋದದ್ದರಲ್ಲಿ ಏನಾಶ್ಚರ್ಯ?

ಈಗ 'ವಾರಕ್ಕೊಂದು' ಅನ್ನುವುದಿಲ್ಲ. 'ದೇವಸ್ಥಾನಕ್ಕೆ ಯಾವ ವಾರ ಹೋಗ್ತೀರಮ್ಮಾ?' ಎಂದು ಕೇಳುತ್ತೇನೆ. ರಾಯರ ಮಠದವರಾದರೆ 'ಗುರುವಾರ ಮಾತ್ರ' ಎಂದು ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ; ವಿಜಯನಗರದ ಮಾರುತಿ ಮಂದಿರದ ಭಕ್ತರಿಗೆ ಶನಿವಾರ. ಡಾಕ್ಟರೇ ವಾರ ಬರೆದಿದ್ದರೆ ಅದೇ ಅಂತಿಮ. ಫೋಲಿಕ್‌ಗೆ ಬೇರೆ ಕವರ್, ಹಸಿರು ಪೆನ್ನು, 'ಸೊಪ್ಪಿನ ಮಾತ್ರೆ'. ನಾಲ್ಕು ವಾರಕ್ಕಿಂತ ಹೆಚ್ಚು ಮೆಥೊಟ್ರೆಕ್ಸೇಟ್ ಒಟ್ಟಿಗೆ ಕೊಡುವುದಿಲ್ಲ. ಬೈಸಿಕೊಳ್ಳುತ್ತೇನೆ.

2. ಪೂರ್ತಿ ಓದು.

ತಾವರೆಕೆರೆ ಕಡೆಯ ರೈತರೊಬ್ಬರು ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲಿನ ಬಿಲ್ಲು ಓದಿಸಿಕೊಂಡು, 'ಯೂರಿಯಾ ರಾಗಿಗೆ ಹಾಕೋದಲ್ವಾ ಸ್ವಾಮಿ, ನಂಗ್ಯಾಕೆ?' ಎಂದರು. ಗೊಬ್ಬರದ ಯೂರಿಯಾಕ್ಕೂ ಇದಕ್ಕೂ ರಸಾಯನಶಾಸ್ತ್ರದ ನೆಂಟಸ್ತಿಕೆ ಇರುವುದು ನಿಜವೇ. ಅವರು ಹೆಸರಿನ ಕೊನೆ ಹಿಡಿದುಕೊಂಡರು. ನಮ್ಮ ಹುಡುಗರು ಎಡವುವುದು ಮೊದಲಲ್ಲಿ. ಹೈಡ್ರಾಕ್ಸಿಜಿನ್ ತುರಿಕೆಗೆ, ಹೈಡ್ರಾಕ್ಸಿಕ್ಲೋರೋಕ್ವಿನ್ ಕೀಲಿಗೆ, ಹೈಡ್ರಾಕ್ಸಿಯೂರಿಯಾ ರಕ್ತದ ಕಾಯಿಲೆಗೆ. ಮೂರನ್ನೂ ಬೇರೆ ಬೇರೆ ಗೂಡಿನಲ್ಲಿ ಇಟ್ಟಿದ್ದೇನೆ.

3. ಹೆಸರು ಕಿತ್ತು ಕೊಡಬೇಡ.

ರಾಜಾಜಿನಗರದ ಒಬ್ಬ ಮಗ. ತಾಯಿ ನಿವೃತ್ತ ಟೀಚರ್, ಕರುಳಿನ ಕ್ಯಾನ್ಸರ್. 'ಅಮ್ಮಂಗೆ ಹೇಳಿಲ್ಲ ಸಾರ್. ಹೆಸರು ನೋಡಿದ್ರೆ ಮೊಬೈಲಲ್ಲಿ ಹುಡುಕಿಬಿಡ್ತಾರೆ. ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಿಕೊಡಿ' ಎಂದ. ಕೊಟ್ಟೆ. ಡಬ್ಬಿಯ ಮೇಲೆ 'ಶಕ್ತಿ ಮಾತ್ರೆ' ಎಂದು ಬರೆದವನೂ ನಾನೇ.

ಅದು ಕೆಪೆಸಿಟಬಿನ್. ಅವರ ಚೀಟಿಯಲ್ಲಿದ್ದದ್ದು ಬೆಳಿಗ್ಗೆ ರಾತ್ರಿ 14 ದಿನ, ಆಮೇಲೆ 7 ದಿನ ಬಿಡುವು. ಭೇದಿ ಜೋರಾದರೆ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕು. ಹತ್ತನೇ ದಿನ ಭೇದಿ ಹತ್ತಿಕೊಂಡಿತು, ಮಗ ಊರಲ್ಲಿರಲಿಲ್ಲ. ಸುಸ್ತಾಗಿದೆ, ಶಕ್ತಿ ಮಾತ್ರೆ ತಪ್ಪಿಸಬಾರದು ಎಂದು ಆಕೆ ಬಿಡದೆ ನುಂಗಿದರು. ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದಾಗ ಡ್ಯೂಟಿ ಡಾಕ್ಟರು ಡಬ್ಬಿ ತಿರುಗಿಸಿ ಮುರುಗಿಸಿ ನೋಡಿದ್ದಾರೆ. ಸಿಕ್ಕಿದ್ದು ನನ್ನ ಅಂಗಡಿಯ ನಂಬರ್ ಮಾತ್ರ. ರಾತ್ರಿ ಹನ್ನೊಂದೂವರೆಗೆ ಫೋನ್. ಔಷಧಿಯ ಹೆಸರು ಹೇಳುವಾಗ ನಾಲಿಗೆ ತೊದಲಿತು.

ಮಗನನ್ನು ದೂರಲಾರೆ. ಗೋಡೆಗೆ ಲೈಸೆನ್ಸ್ ತೂಗುಹಾಕಿಕೊಂಡವನು ನಾನು.

ತಿಂಗಳ ಮೇಲೆ ಟೀಚರ್ ಅಂಗಡಿಗೇ ಬಂದರು. 'ಏನಪ್ಪಾ, ಅಷ್ಟು ವರ್ಷ ಮಕ್ಕಳ ಹೆಸರು ಕೂಗಿ ಹಾಜರಿ ಹಾಕಿದೋಳು ನಾನು. ನನ್ನ ಮಾತ್ರೆ ಹೆಸರು ನಂಗೇ ಹೇಳ್ಲಿಲ್ವಲ್ಲ' ಎಂದರು. ನನ್ನ ಪೆನ್ನು ತೆಗೆದುಕೊಂಡು ಕವರಿನ ಮೇಲೆ 'ಕೆಪೆಸಿಟಬಿನ್' ಎಂದು ದುಂಡಗೆ ಕನ್ನಡದಲ್ಲಿ ಬರೆದುಕೊಂಡರು.

4. ಬಾಲ ನೋಡಿ ಕುಲ ತಿಳಿ, ಆದರೆ ಬದಲಿ ಕೊಡಬೇಡ.

ವಿಶ್ವ ಆರೋಗ್ಯ ಸಂಸ್ಥೆಯ ಪದ್ಧತಿಯಲ್ಲಿ ಹೆಸರಿನ ತುದಿಯೇ ಮನೆತನ. ಇಮಾಟಿನಿಬ್, ಜೆಫಿಟಿನಿಬ್ ಒಂದು ಮನೆ. ಸಿಸ್‌ಪ್ಲಾಟಿನ್, ಕಾರ್ಬೋಪ್ಲಾಟಿನ್ ಇನ್ನೊಂದು. ಅಣ್ಣನ ಡೋಸು ತಮ್ಮನಿಗೆ ಆಗುವುದಿಲ್ಲ. ಹೆಸರಿನ ನಡುವೆಯೂ ಸುಳಿವಿರುತ್ತದೆ: ಡ್ರಿಪ್‌ನಲ್ಲಿ ಏರಿಸುವ ಡಾಕ್ಸೊರುಬಿಸಿನ್‌ನ 'ರುಬಿ' ಮಾಣಿಕ್ಯದ ಕೆಂಪು. 'ಅಕ್ಕಂಗೆ ಮೂತ್ರದಲ್ಲಿ ರಕ್ತ ಹೋಗ್ತಿದೆ' ಎಂದು ಹುಡುಗನೊಬ್ಬ ಓಡಿಬಂದಾಗ, ಬೆಳಿಗ್ಗೆ ಏರಿಸಿದ ಔಷಧಿಯ ಹೆಸರು ಕೇಳಿದೆ. ಅದೇ. ಒಂದೆರಡು ದಿನ ಮೂತ್ರ ಕೆಂಪಾಗುವುದುಂಟು. ಆದರೂ ವಾರ್ಡಿಗೆ ಫೋನ್ ಮಾಡಿಸಿಯೇ ಕಳಿಸಿದೆ.

5. ಕುಂಡದ ಗಿಡಕ್ಕೂ ಹೆಸರಿದೆ.

ನಿತ್ಯಪುಷ್ಪ, ಕಾಶಿ ಕಣಗಿಲೆ, ಹೇಗೆ ಕರೆದರೂ ಅದು ನಮ್ಮ ಬೀದಿಯ ಕಾಂಪೌಂಡುಗಳಲ್ಲೆಲ್ಲ ಇದೆ. ಅದರ ಹಳೆಯ ಶಾಸ್ತ್ರೀಯ ಹೆಸರು ವಿಂಕಾ. ವಿನ್‌ಕ್ರಿಸ್ಟೀನ್, ವಿನ್‌ಬ್ಲಾಸ್ಟೀನ್‌ಗಳಲ್ಲಿ ಉಳಿದಿರುವುದು ಅದೇ 'ವಿನ್'. ಸಸ್ಯಶಾಸ್ತ್ರಜ್ಞರು ಗಿಡಕ್ಕೆ ಬೇರೆ ಹೆಸರಿಟ್ಟರೂ ಔಷಧಿ ಹಳೆಯದನ್ನೇ ಹೊತ್ತಿದೆ. 1950ರ ದಶಕದಲ್ಲಿ ಕೆನಡಾದವರು ಸಕ್ಕರೆ ಕಾಯಿಲೆಗೆಂದು ಈ ಎಲೆ ಪರೀಕ್ಷಿಸಹೋದಾಗ ಬಿಳಿ ರಕ್ತಕಣ ಇಳಿದದ್ದು ಕಂಡಿತು. ಹಾಗೆ ಹೊರಟದ್ದು ಕ್ಯಾನ್ಸರ್ ಔಷಧಿ. ಒಂದು ಗ್ರಾಂ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು.

ಮೊನ್ನೆ ವಿಜಯನಗರದ ಒಬ್ಬ ಅಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಎಲೆ ತಂದು, 'ಇದ್ರಿಂದ್ಲೇ ಕೀಮೋ ಮಾಡ್ತಾರಂತೆ. ಯಜಮಾನ್ರಿಗೆ ಕಷಾಯ ಮಾಡಿಕೊಡ್ಲಾ?' ಎಂದರು. ಬೇಡವೇ ಬೇಡ, ಇದು ವಿಷದ ಗಿಡ, ಡೋಸು ಲೆಕ್ಕ ಹಾಕಿ ಕೊಡುವವರಿಗೇ ಇದರ ಭಯವಿದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

'ಹೂವು ದೇವರಿಗೆ ಇಡಬಹುದಲ್ವಾ?'

'ಇಡಬಹುದಮ್ಮಾ.'