ಅತ್ತೆಯ ತಟ್ಟೆಗೆ ಸೊಪ್ಪು ಮರಳಿ ಬರಲಿ

ಪ್ರಶ್ನೆ: ನಮ್ಮ ಅತ್ತೆಗೆ 58 ವರ್ಷ. ಎರಡು ವರ್ಷದ ಹಿಂದೆ ಹೃದಯದ ಮೈಟ್ರಲ್ ವಾಲ್ವ್ ತೆಗೆದು ಲೋಹದ ವಾಲ್ವ್ ಹಾಕಿದ್ದಾರೆ. ಅಂದಿನಿಂದ ಅಸಿಟ್ರೋಮ್ ಮಾತ್ರೆ ನಡೆದಿದೆ. ಸೊಪ್ಪು ತಿನ್ನಲೇಬಾರದೆಂದು ಯಾರೋ ಹೇಳಿದ್ದರಿಂದ ಎರಡು ತಿಂಗಳಿಂದ ನಮ್ಮನೆಯಲ್ಲಿ ಬಸ್ಸಾರೂ ಇಲ್ಲ. ಆದರೂ 3 ಇದ್ದ ಐಎನ್‌ಆರ್ ಮೊನ್ನೆ 4.6 ಆಗಿತ್ತು. ಗಾಬರಿಯಾಗಿ ನಾನೇ ಒಂದು ದಿನ ಮಾತ್ರೆ ಕೊಡಲಿಲ್ಲ. ಮರುದಿನ ನೋಡಿದರೆ 4.4. ರಕ್ತ ನೀರಾಗಿಬಿಟ್ಟಿದೆಯೇ?
— ಓದುಗರೊಬ್ಬರು, ಹಾಸನ

ಉತ್ತರ: ಸೊಪ್ಪು ಬಿಟ್ಟರೂ ಏರಿತು ಎನ್ನುತ್ತೀರಿ. ಬಿಟ್ಟಿದ್ದಕ್ಕೇ ಏರಿರಬಹುದು.

ರಕ್ತ ನೀರಾಗುವುದಿಲ್ಲ, ಹೆಪ್ಪುಗಟ್ಟಲು ತಡವಾಗುತ್ತದೆ, ಅಷ್ಟೆ. ಆ ತಡವನ್ನು ತೋರಿಸುವ ಅಳತೆಯೇ ಐಎನ್‌ಆರ್. ಹೆಪ್ಪುಗಟ್ಟಿಸುವ ಅಂಶಗಳಲ್ಲಿ 2, 7, 9 ಮತ್ತು 10ನೆಯವನ್ನು ನಮ್ಮ ಯಕೃತ್ತು ವಿಟಮಿನ್ ಕೆ ನೆರವಿನಿಂದ ತಯಾರಿಸುತ್ತದೆ. ಬಳಸಿದ ವಿಟಮಿನ್ ಕೆ ಮತ್ತೆ ಬಳಕೆಗೆ ಬಾರದಂತೆ ಅಸಿಟ್ರೋಮ್ ತಡೆಯುವುದರಿಂದ ಹೊಸದಾಗಿ ಹುಟ್ಟುವ ಅಂಶಗಳು ಅರೆಬರೆಯಾಗಿರುತ್ತವೆ. ಸೊಪ್ಪಿನಲ್ಲಿರುವುದೂ ಇದೇ ವಿಟಮಿನ್. ಸೊಪ್ಪು ಉಣ್ಣುತ್ತಿದ್ದ ದೇಹಕ್ಕೆ ಹೊಂದಿಸಿದ ಡೋಸು, ಸೊಪ್ಪು ನಿಂತ ಮೇಲೆ ಹೆಚ್ಚಾಗಿ ಕೂರುತ್ತದೆ.

ಒಂದು ದಿನ ಮಾತ್ರೆ ತಪ್ಪಿಸಿದರೂ ಐಎನ್‌ಆರ್ ತಕ್ಷಣ ಇಳಿಯದಿರಲು ಕಾರಣವಿದೆ. ಮಾತ್ರೆಯ ಪ್ರಭಾವ ಕರಗಬೇಕು, ಯಕೃತ್ತು ಹೊಸ ಅಂಶಗಳನ್ನು ತಯಾರಿಸಬೇಕು. ಆರಂಭದಲ್ಲೂ ಹೀಗೆಯೇ ನಿಧಾನ: ರಕ್ತದಲ್ಲಿದ್ದ 7ನೆಯ ಅಂಶ ಸುಮಾರು ಆರು ಗಂಟೆಯಲ್ಲಿ ಅರ್ಧಕ್ಕಿಳಿದರೆ, 2ನೆಯದಕ್ಕೆ ಎರಡೂವರೆ ದಿನವಾದರೂ ಬೇಕು. ಆಪರೇಷನ್ ಆದ ಮೊದಲ ದಿನಗಳಲ್ಲಿ ಮಾತ್ರೆಯ ಜೊತೆಗೆ ಹೆಪಾರಿನ್ ಇಂಜೆಕ್ಷನ್ನನ್ನೂ ಕೊಡುವುದು ಇದಕ್ಕೇ.

ಮೈಟ್ರಲ್ ಜಾಗದ ಲೋಹದ ವಾಲ್ವಿಗೆ ಸಾಮಾನ್ಯವಾಗಿ 2.5ರಿಂದ 3.5ರೊಳಗೆ ಐಎನ್‌ಆರ್ ಇಡುತ್ತಾರೆ. 4.4 ಜಾಸ್ತಿಯೇ. ಇವತ್ತೇ ನಿಮ್ಮ ಹೃದಯ ವೈದ್ಯರಿಗೆ ಫೋನ್ ಮಾಡಿ. ಅವರೂ ಒಂದು ಡೋಸು ಬಿಡಿ ಎನ್ನಬಹುದು, ಆದರೆ ಆ ತೀರ್ಮಾನ ನಿಮ್ಮದಾಗಬಾರದು. ರಕ್ತಸ್ರಾವದ ಭಯದಲ್ಲಿ ಮಾತ್ರೆ ನಿಲ್ಲಿಸಿ, ವಾಲ್ವಿನಲ್ಲೇ ಹೆಪ್ಪು ಕಟ್ಟಿಕೊಂಡು ಬಂದವರ ಸ್ಥಿತಿ ಬಹಳ ಕಷ್ಟ. ಮಲ ಕಪ್ಪಗಾದರೆ, ಮೂತ್ರದಲ್ಲಿ ರಕ್ತ ಕಂಡರೆ, ತಲೆಗೆ ಪೆಟ್ಟಾದರೆ, ಮಾತು ತೊದಲಿದರೆ ಫೋನಿಗೂ ಕಾಯದೆ ಕ್ಯಾಷುವಾಲಿಟಿಗೆ ಕರೆದೊಯ್ಯಿರಿ.

ನೀವು ಬರೆಯದ ಇನ್ನೊಂದು ವಿಷಯ ಕೇಳುತ್ತೇನೆ. ಈಚೆಗೆ ಭೇದಿಗೋ ಜ್ವರಕ್ಕೋ ಬೇರೆ ಮಾತ್ರೆ ತೆಗೆದುಕೊಂಡಿದ್ದರೇ? ಮೆಟ್ರೊನಿಡಜೋಲ್‌ನಂಥವು ಐಎನ್‌ಆರ್ ಏರಿಸುತ್ತವೆ. ಮೆಡಿಕಲ್ ಶಾಪಿನಿಂದ ಮಂಡಿನೋವಿಗೆ ತರುವ ಡೈಕ್ಲೊಫೆನಾಕ್ ಇನ್ನೂ ಕಿಲಾಡಿ: ಐಎನ್‌ಆರ್ ಸರಿಯಿದ್ದರೂ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಿಸಬಲ್ಲದು.

ಸೊಪ್ಪನ್ನು ವೈದ್ಯರಿಗೆ ತಿಳಿಸಿಯೇ ಮತ್ತೆ ಶುರು ಮಾಡಿ. ಒಂದು ದಿನ ಬಟ್ಟಲು ತುಂಬ ನುಗ್ಗೆಸೊಪ್ಪಿನ ಪಲ್ಯ, ಆಮೇಲೆ ತಿಂಗಳಿಡೀ ಬರೀ ತಿಳಿಸಾರು ಎಂದಾಗಬಾರದು. ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆ ಇರಲಿ. ಅದಕ್ಕೆ ತಕ್ಕಂತೆ ಡೋಸು ಹೊಂದಿಸಿ, ಕೆಲವೇ ದಿನಗಳಲ್ಲಿ ಮತ್ತೆ ಪರೀಕ್ಷೆಗೆ ಬರೆದುಕೊಡುತ್ತಾರೆ.

ಪದೇ ಪದೇ ರಕ್ತಪರೀಕ್ಷೆ ಬೇಡದ ಹೊಸ ಮಾತ್ರೆಗಳಿವೆಯಲ್ಲ ಎಂದು ಯಾರಾದರೂ ಹೇಳಬಹುದು. ಲೋಹದ ವಾಲ್ವಿಗೆ ಅವು ಆಗಿಬರುವುದಿಲ್ಲ. ಅಂಥದ್ದೊಂದಾದ ಡಾಬಿಗಾಟ್ರಾನ್ ಕೊಟ್ಟು ನೋಡಿದ ಅಧ್ಯಯನದಲ್ಲಿ ಹೆಪ್ಪೂ ರಕ್ತಸ್ರಾವವೂ ಹೆಚ್ಚಾಗಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಫಲಿತಾಂಶ 2013ರಲ್ಲಿ ಪ್ರಕಟವಾಗಿದೆ. ನಿಮ್ಮ ಅತ್ತೆಗೆ ಅಸಿಟ್ರೋಮೇ ಸರಿ.