ಮೂಳೆ ಕಲ್ಲಲ್ಲ: ಕೃತಕ ದಂತಮೂಲದಿಂದ ಒಂದು ವಿಜ್ಞಾನ ಪಾಠ

ಪೀಠಿಕೆ

ಮೂಳೆ ಎಂದರೇನು ಎಂದು ಕೇಳಿದರೆ, ‘ಕಲ್ಲಿನಂತೆ ಗಟ್ಟಿಯಾದದ್ದು’ ಎಂದು ಮಕ್ಕಳು ಉತ್ತರಿಸುವುದು ಸಹಜ. ಕಣ್ಣು ಹಾಯಿಸಿದಲ್ಲೆಲ್ಲ ಬಂಡೆ ಕಾಣುವ ಹೊಸೂರು, ಕೃಷ್ಣಗಿರಿ ಸೀಮೆಯಲ್ಲಿ ಈ ಹೋಲಿಕೆ ಇನ್ನೂ ಸುಲಭ. ಆದರೆ ಮೂಳೆಯು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಕರಗುತ್ತ, ಮರಳಿ ಕಟ್ಟಿಕೊಳ್ಳುತ್ತ ಇರುವ ಜೀವಂತ ಅಂಗ. ಜರ್ಮನಿಯ ವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ಈ ತತ್ತ್ವವನ್ನು ಗ್ರಂಥರೂಪದಲ್ಲಿ ನಿರೂಪಿಸಿದರು. ಇದನ್ನು ಮನಗಾಣಿಸುವುದೇ ಈ ಪಾಠದ ಉದ್ದೇಶ.

ವಿಷಯ ವಿವರಣೆ

ಸಹಜವಾದ ಹಲ್ಲಿನ ಬೇರು ದವಡೆಯ ಮೂಳೆಗೆ ನೇರವಾಗಿ ಅಂಟಿರುವುದಿಲ್ಲ. ಇವೆರಡರ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ತಂತುಪೊರೆ ಇದೆ. ಕಬ್ಬು ಅಗಿಯುವಾಗ ಈ ಪೊರೆಯು ಪೆಟ್ಟನ್ನು ತಗ್ಗಿಸಿ, ಬಲವನ್ನು ಸುತ್ತಲಿನ ಮೂಳೆಗೆ ಹಂಚುತ್ತದೆ. ಹಲ್ಲು ಬಿದ್ದರೆ ಆ ಬಲವೂ ನಿಲ್ಲುತ್ತದೆ. ಕೆಲಸವಿಲ್ಲದ ಮೂಳೆ ಕ್ರಮೇಣ ಸವೆಯುತ್ತದೆ. ಹಲ್ಲಿಲ್ಲದ ಹಿರಿಯರ ಮುಖದ ಕೆಳಭಾಗ ಕುಗ್ಗಿದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ 1952ರ ಸುಮಾರಿಗೆ ಮೊಲಗಳ ಕಾಲಿನ ಮೂಳೆಯಲ್ಲಿ ಟೈಟೇನಿಯಂ ಉಪಕರಣವಿಟ್ಟು ರಕ್ತಸಂಚಾರವನ್ನು ಅಭ್ಯಸಿಸುತ್ತಿದ್ದರು. ಮೂಳೆಯು ಲೋಹವನ್ನು ಬಿಡದೆ ಹಿಡಿದುಕೊಂಡಿದ್ದುದು ಅವರಿಗೆ ಕಂಡಿತು. 1965ರಲ್ಲಿ ಮೊದಲ ಬಾರಿಗೆ ಅವರು ರೋಗಿಯೊಬ್ಬರ ದವಡೆಯಲ್ಲಿ ಟೈಟೇನಿಯಂ ದಂತಮೂಲಗಳನ್ನು ಕೂಡಿಸಿದರು.

ಕೃತಕ ದಂತಮೂಲಕ್ಕೆ ತಂತುಪೊರೆಯಿಲ್ಲ. ಟೈಟೇನಿಯಂ ಮೂಳೆಗಿಂತ ಅನೇಕ ಪಟ್ಟು ಬಿಗುವಾದ ಲೋಹ. ಆದಕಾರಣ ಅಗಿಯುವ ಬಲ, ಅದರಲ್ಲಿಯೂ ಅಡ್ಡಬಲ, ದಂತಮೂಲದ ಕುತ್ತಿಗೆಯ ಬಳಿಯ ಮೂಳೆಯಲ್ಲಿಯೇ ಹೆಚ್ಚಾಗಿ ಕೇಂದ್ರೀಕರಿಸುತ್ತದೆ. ಮೂಳೆ ಬೆಸೆದುಕೊಳ್ಳುವ ಮುನ್ನವೇ ದಂತಮೂಲ ಅಲುಗಾಡಿದರೆ ಸುತ್ತಲೂ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆಯುತ್ತದೆ. ವೈದ್ಯರು ವಾಡಿಕೆಯಾಗಿ 3ರಿಂದ 6 ತಿಂಗಳು ಕಾಯುತ್ತಿದ್ದುದು ಇದಕ್ಕಾಗಿಯೇ.

ಚಟುವಟಿಕೆ

ಹದವಾದ ಮಣ್ಣಿನಲ್ಲಿ ಒಂದು ಕೋಲನ್ನು ನೆಡಿಸಿರಿ. ಮೇಲಿನಿಂದ ನೇರವಾಗಿ ಒತ್ತಿದರೆ ಅದು ನಿಲ್ಲುತ್ತದೆ. ತುದಿಯನ್ನು ಅಡ್ಡಕ್ಕೆ ಹಲವು ಬಾರಿ ತಳ್ಳಿದರೆ ನೆಲದ ಮಟ್ಟದಲ್ಲಿಯೇ ಮೊದಲು ಬಿರುಕು ಬಿಡುತ್ತದೆ. ಹೊರಗಿನ ಭಾಗ ಉದ್ದವಾದಷ್ಟೂ ಬಿರುಕು ಬೇಗ. ಇದು ಸನ್ನೆಯ ತತ್ತ್ವ. ಹೊಲದ ಬೇಲಿಯ ಕಲ್ಲುಕಂಬವನ್ನು ಆಳಕ್ಕೆ ಹೂಳುವ ಕಾರಣವನ್ನು ಮಕ್ಕಳಿಂದಲೇ ಹೇಳಿಸಿರಿ. ಮಣ್ಣು ಬಿರುಕನ್ನು ತಾನಾಗಿ ಮುಚ್ಚಿಕೊಳ್ಳಲಾರದು; ಮೂಳೆಯಾದರೋ, ಬಲ ಮಿತಿಮೀರದಿದ್ದರೆ, ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ.

ನಮ್ಮ ಊರಿನ ಸಂಬಂಧ

ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಮ್ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಹೊಗೇನಕಲ್ ಕುಡಿಯುವ ನೀರಿನ ಯೋಜನೆಯ ಹೆಸರಿನಲ್ಲಿಯೇ ಫ್ಲೋರೋಸಿಸ್ ನಿವಾರಣೆಯ ಮಾತು ಸೇರಿದೆ. 2013ರಲ್ಲಿ ಅದು ಕಾರ್ಯಾರಂಭ ಮಾಡಿತು. ಮೂಳೆ ಸದಾ ಹೊಸದಾಗಿ ಕಟ್ಟಿಕೊಳ್ಳುವುದರಿಂದಲೇ ನೀರಿನ ಫ್ಲೋರೈಡ್ ಅದರೊಳಗೆ ಸೇರುತ್ತ ಹೋಗುತ್ತದೆ. ಜೀವಂತಿಕೆಯೇ ಅದರ ಶಕ್ತಿ, ಅದೇ ಅದರ ಅಪಾಯ.

ಶಿಕ್ಷಕರ ಗಮನಕ್ಕೆ

ಹಲ್ಲಿನಲ್ಲಿ ಕಲೆಯಿರುವ ಮಗುವನ್ನು ಉದಾಹರಣೆಯಾಗಿ ಎದ್ದು ನಿಲ್ಲಿಸಕೂಡದು. ಆ ಕಲೆ ಹಲ್ಲು ದವಡೆಯೊಳಗೆ ರೂಪುಗೊಳ್ಳುತ್ತಿದ್ದಾಗಲೇ ಉಂಟಾದದ್ದು. ಹಲ್ಲುಜ್ಜದ ಸೋಮಾರಿತನದ ಗುರುತಲ್ಲ. ಬಾಯಿ ಮುಚ್ಚಿಕೊಂಡು ನಗುವ ಮಗುವಿಗೆ ಈ ಒಂದು ಮಾತು ತರಗತಿಯಲ್ಲಿ ಕೇಳಿಸಿದರೆ ಪಾಠ ಸಾರ್ಥಕ.

ಮೌಲ್ಯಮಾಪನ

1. ಹಲ್ಲು ಬಿದ್ದ ಜಾಗದ ಮೂಳೆ ಏಕೆ ಸವೆಯುತ್ತದೆ?
2. ಅಡ್ಡಬಲವು ನೇರಬಲಕ್ಕಿಂತ ಏಕೆ ಅಪಾಯಕರ?
3. ಮೂಳೆಗೂ ಕಲ್ಲಿಗೂ ಇರುವ ಒಂದು ಸಾಮ್ಯ, ಒಂದು ಭೇದವನ್ನು ಬರೆಯಿರಿ.