ಮಾತ್ರೆಯ ಹೊಣೆ ಇಬ್ಬರು ಡಾಕ್ಟರುಗಳದ್ದೂ
ತಾಯಿ, ಮಗನ ಎಡಿಎಚ್‌ಡಿ ಮಾತ್ರೆಗೆಂದು ಕೊಟ್ಟೂರಿನಿಂದ ಬೆಂಗಳೂರಿಗೆ ಅಲೆಯುವ ನಿಮ್ಮ ಪಾಡು ಓದಿ ಸಂಕಟವಾಯಿತು. ಊರಿನ ಡಾಕ್ಟರು ಬರೆದುಕೊಡಲು ಹಿಂಜರಿದದ್ದಕ್ಕೆ ಬೇಸರಪಡಬೇಡಿ. ಮಗನ ಮಾತ್ರೆ ಮಿಥೈಲ್‌ಫೆನಿಡೇಟ್, ಕಟ್ಟುನಿಟ್ಟಿನ ನಿಯಂತ್ರಣದಲ್ಲಿರುವ ‘ಶೆಡ್ಯೂಲ್ ಎಕ್ಸ್’ ಔಷಧಿ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳಬೇಕು.

ಡೋಸ್ ಏರಿಸಿ ಇಳಿಸುವುದು ಬೆಂಗಳೂರಿನ ಮನೋವೈದ್ಯರಿಗೇ ಇರಲಿ. ತೂಕ, ಎತ್ತರ, ನಾಡಿ, ಬಿಪಿ ನೋಡುವುದು ಊರಿನ ಡಾಕ್ಟರಿಗೆ ಸಲೀಸು. ಏನು ನೋಡಬೇಕು, ಯಾವಾಗ ಫೋನ್ ಮಾಡಬೇಕು ಎಂದು ಮನೋವೈದ್ಯರಿಂದ ಅವರಿಗೊಂದು ಪತ್ರ ಬರೆಸಿ. ಹೀಗೆ ಹೊಣೆ ಹಂಚಿಕೊಳ್ಳುವುದು ಹೊಸದೇನಲ್ಲ: 1985ರಲ್ಲಿ ನಿಮ್ಹಾನ್ಸ್ ನಿಮ್ಮ ಅಂದಿನ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ ಕೊಟ್ಟು ಮನೋರೋಗಕ್ಕೆ ಊರಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿತ್ತು. ದೇಶ ಅದನ್ನೇ ಮಾದರಿ ಮಾಡಿಕೊಂಡಿತು.

ಮಗನ ಬುತ್ತಿ ಹಾಗೇ ವಾಪಸ್ ಬರುತ್ತದೆ ಎಂದಿರಿ. ಮಾತ್ರೆಯಿಂದ ಹಸಿವು ಕುಗ್ಗುವುದುಂಟು. ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿಸಿ ಮಾತ್ರೆ ಕೊಡಿ, ತೂಕ ಬರೆದಿಡಿ. ಇಳಿಯುತ್ತಾ ಹೋದರೆ ಮುಂದಿನ ಭೇಟಿವರೆಗೆ ಕಾಯದೆ ಮನೋವೈದ್ಯರಿಗೆ ತಿಳಿಸಿ.